ಮೆಷೀನ್ ಕೂರಿಸುವ ಕೆಲಸ

ಹಲ್ಲುಜ್ಜುವಾಗಲೂ ಶಿಲ್ಪಶ್ರೀ ತನ್ನ ಮ್ಯಾನೇಜರ್ ವಿಜಯ್‌ಕುಮಾರರ ಜೊತೆ ಜಗಳವಾಡುತ್ತಿದ್ದಳು. ಬಾಯಿತುಂಬ ನೊರೆ, ಎದುರಿಗೆ ಕನ್ನಡಿ, ಕನ್ನಡಿಯಲ್ಲಿ ಅವಳೇ. ಆದರೂ ವಾದ ಜೋರಾಗಿಯೇ ನಡೆದಿತ್ತು, ಅವಳೇ ಗೆಲ್ಲುತ್ತಲೂ ಇದ್ದಳು. ನಿನ್ನೆ ಸಂಜೆ ಬ್ಯಾಗು ಹೆಗಲಿಗೇರಿಸಿ ಹೊರಟವಳನ್ನು ಅವರು ಕೋಣೆಗೆ ಕರೆದು, ಕೂತುಕೊಳ್ಳಿ ಎಂದು ಕೂಡ ಹೇಳದೆ, ಆ ಸ್ಕ್ರಿಪ್ಟ್ ತೆಗೆದುಬಿಡಿ ಎಂದಿದ್ದರು. ನಾಳೆ ಸಂಜೆಯೊಳಗೆ ತೆಗೆದುಬಿಡಿ, ಹಾಗೇ ಮೌಳಿ ಸಾರ್ ಹತ್ತಿರ ಹೋಗಿ ತಪ್ಪಾಯಿತು ಅಂತ ಒಂದು ಮಾತು ಹೇಳಿಬಿಡಿ, ದೊಡ್ಡವರು, ತುಂಬ ಬೇಜಾರು ಮಾಡಿಕೊಂಡಿದ್ದಾರೆ, ನಿಮ್ಮನ್ನು ಟೀಮ್ ಲೀಡ್ ಮಾಡಬೇಕು ಅಂತಿರುವಾಗ ಇದೆಲ್ಲ ಯಾಕೆ. ಒಂದೇ ಒಂದು ಮಾತು ತಾನೇ ಎನ್ನುವ ಹಾಗೆ ಅಂಗೈ ಬಿಡಿಸಿ ತೋರಿಸಿದ್ದರು. ಅದಕ್ಕೆ ಅವಳು, ಈಗ ಕನ್ನಡಿಯೆದುರು ಇಷ್ಟು ಚೆನ್ನಾಗಿ ವಾದಿಸುತ್ತಿರುವವಳು, ನೋಡ್ತೀನಿ ಸಾರ್ ಎಂದು ಹೇಳಿ ಬಂದಿದ್ದಳು. ಹೇಳಬೇಕಾದ್ದೆಲ್ಲ ಅವಳಿಗೆ ಹೊಳೆಯುವುದು ಮನೆಗೆ ಬಂದ ಮೇಲೆ, ಬಚ್ಚಲಿನಲ್ಲಿ, ಕೇಳುವವರು ಯಾರೂ ಇಲ್ಲದಾಗ.

ಅವಳು ಮಾಡಿದ ಅಪರಾಧ ಇಷ್ಟು. ಹೆಬ್ಬಾಳದಲ್ಲಿರುವ ಅವರ ಕಂಪನಿ ಲಿಫ್ಟುಗಳನ್ನು ನಡೆಸುವ ಬೋರ್ಡುಗಳನ್ನು ತಯಾರಿಸುತ್ತದೆ. ಯಾವ ಮಹಡಿಯಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಯಾರದಾದರೂ ಕೈ ಅಡ್ಡ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಹೇಳುವ ಪ್ರೋಗ್ರಾಮು ಬರೆಯುವವರು ಅವಳಂಥವರು. ಬರೆದದ್ದನ್ನು ಬೋರ್ಡಿನ ಚಿಪ್ಪಿಗೆ ತಿಳಿಯುವ ರೂಪಕ್ಕೆ ತರುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಬಿಲ್ಡ್ ಆಗಬೇಕಾದರೆ ಕಂಪ್ಯೂಟರಿನಲ್ಲಿ ಹತ್ತಾರು ಸಾಮಾನು ಮೊದಲೇ ಸೇರಿರಬೇಕು: ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ, ಈಗ ಯಾರೂ ಮಾರದ ಹಳೆಯ ಕಂಪೈಲರ್, ಅದಕ್ಕೆ ಒಗ್ಗುವ ಲೈಬ್ರರಿಗಳೆಂಬ ಸಿದ್ಧ ತುಣುಕುಗಳು, ಚಿಪ್ಪಿಗೆ ಪ್ರೋಗ್ರಾಮು ತುಂಬುವ ಪೆಟ್ಟಿಗೆಯ ಡ್ರೈವರ್. ಎಲ್ಲವೂ ಇಂಥದೇ ಜಾಗದಲ್ಲಿ, ಇಂಥದೇ ಕ್ರಮದಲ್ಲಿ ಕೂರಬೇಕು. ಹೆಚ್ಚುಕಮ್ಮಿಯಾದರೆ ಪರದೆ ತುಂಬ ಕೆಂಪು ಅಕ್ಷರ. ಆ ಕ್ರಮ ಬಲ್ಲವರು ಆಫೀಸಿನಲ್ಲಿ ಒಬ್ಬರೇ, ಚಂದ್ರಮೌಳಿಯವರು, ಎಲ್ಲರ ಬಾಯಲ್ಲಿ ಮೌಳಿ ಸಾರ್. ಹೊಸಬರು ಬಂದರೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ದಿನಗಟ್ಟಲೆ, ಒಂದೊಂದಾಗಿ ಹಾಕಿಕೊಡುತ್ತಿದ್ದರು. ಗಣಪತಿ ಕೂರಿಸುವ ಹಾಗೆ ಇದಕ್ಕೂ ಮೆಷೀನ್ ಕೂರಿಸುವುದು ಎಂದೇ ಹೆಸರು ಬಿದ್ದಿತ್ತು. ಬಿಲ್ಡ್ ಆದ ದಿನ ಹೊಸಬರು ಸಿಹಿ ಹಂಚಬೇಕು, ಮೊದಲ ತುಂಡು ಮೌಳಿ ಸಾರ್‌ಗೆ. ಅವರು ಎಂದೋ ತಮ್ಮ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತಮ್ಮದೇ ಹೆಸರಿನ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದರಿಂದ ಆ ಹೆಸರು ಪ್ರೋಗ್ರಾಮಿನ ಮೂಲೆಮೂಲೆಗೂ ಹೊಕ್ಕಿತ್ತು. ಮೌಳಿ ಎಂಬ ಫೋಲ್ಡರ್ ಇಲ್ಲದೆ ಯಾರ ಬಿಲ್ಡೂ ಆಗುತ್ತಿರಲಿಲ್ಲ. ಹೀಗಾಗಿ ಆ ಆಫೀಸಿನ ಪ್ರತಿ ಕಂಪ್ಯೂಟರಿನ ಒಳಗೂ ಒಬ್ಬ ಮೌಳಿ ಇದ್ದಾರೆ. ಇಷ್ಟು ವರ್ಷ ಶಿಲ್ಪಶ್ರೀ ಬರೆದದ್ದೆಲ್ಲ ಹೋಗಿ ಕೂತದ್ದು ಆ ಹೆಸರಿನ ಕೆಳಗೇ.

ಅವಳು ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದಳು. ಅದನ್ನು ಮತ್ತೆ ಮತ್ತೆ ಅಳಿಸಿದಳು, ಮತ್ತೆ ಮತ್ತೆ ಕೂರಿಸಿದಳು, ಕೆಂಪು ಅಕ್ಷರಗಳಿಂದ ಸಾಕೆನಿಸುವಷ್ಟು ಬೈಸಿಕೊಂಡಳು. ಕೊನೆಗೆ ಆ ಕ್ರಮವನ್ನೆಲ್ಲ ಒಂದು ಸ್ಕ್ರಿಪ್ಟಾಗಿ ಬರೆದಿಟ್ಟಳು. ಒಂದು ಆಜ್ಞೆ ಕೊಟ್ಟರೆ ಸಾಕು, ಕಂಪ್ಯೂಟರು ತನಗೆ ಬೇಕಾದ್ದನ್ನು ತಾನೇ ತಂದುಕೊಂಡು, ತಾನೇ ಜೋಡಿಸಿಕೊಂಡು, ಸರಿಯಾಯಿತೋ ಇಲ್ಲವೋ ತಾನೇ ನೋಡಿ ಹೇಳುತ್ತದೆ. ಅದನ್ನು ಎಲ್ಲರ ಕೈಗೂ ಸಿಗುವ ಜಾಗದಲ್ಲಿಟ್ಟಳು. ಸೋಮವಾರ ಲಾಸ್ಯ ಎಂಬ ಹೊಸ ಇಂಜಿನಿಯರ್ ಸೇರಿದಳು. ಮೌಳಿ ಸಾರ್ ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ಕುರ್ಚಿ ಎಳೆದುಕೊಂಡು ಅವಳ ಬಳಿ ಹೋಗಿ, ಏನಮ್ಮ, ಶುರು ಮಾಡಣ್ವಾ ಎಂದರು. ಆ ಹುಡುಗಿ ತಿರುಗಿ, ಆಯ್ತಲ್ಲ ಸಾರ್, ಬಿಲ್ಡೂ ಆಗ್ಹೋಯ್ತು ಎಂದಳು. ಅವಳ ದನಿಯಲ್ಲಿ ಅಹಂಕಾರವೇನೂ ಇರಲಿಲ್ಲ, ಅದಕ್ಕೇ ಇನ್ನೂ ಕೆಟ್ಟದಾಗಿ ಕೇಳಿಸಿತು. ಮೌಳಿ ಸಾರ್ ಕುರ್ಚಿಯನ್ನು ಎಳೆಯದೆ, ಸದ್ದಾಗದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ವಾಪಸು ಹೋದರು. ಅವರು ಎಳೆದುಕೊಂಡೇ ಹೋಗಿದ್ದರೆ ಶಿಲ್ಪಶ್ರೀಗೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ.

"ಯಾರ್ ಜೊತೇನೇ ಮಾತು, ಬಚ್ಚಲಲ್ಲಿ?" ಹೊರಗಿನಿಂದ ಅವಳ ತಾಯಿ ನೀಲಮ್ಮ ಕೇಳಿದಳು.

"ಯಾರೂ ಇಲ್ಲ ಕಣಮ್ಮ."

"ಯಾರೂ ಇಲ್ದೆ ಹಲ್ಲನ್ನ ಹಂಗೆ ತಿಕ್ತಾರೇನೇ. ಬಾ, ತಿಂಡಿ ಆರ್ತಾ ಇದೆ. ಏನೋ ಮಾಡಿದೀನಿ."

ಏನೋ ಮಾಡಿದೀನಿ. ನಲವತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ಹೆಂಗಸು ಪ್ರತಿ ಹೊತ್ತಿನ ತಟ್ಟೆಯ ಜೊತೆಗೂ ಇದನ್ನೊಂದು ಬಡಿಸುತ್ತಾಳೆ. ಅಜ್ಜಿ ಸಾರಿನ ಪುಡಿ ಹುರಿಯುವಾಗ ಅಮ್ಮನನ್ನು ಒಲೆಯ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದಳು, ಅಳತೆ ಮಾತ್ರ ಹೇಳುತ್ತಿರಲಿಲ್ಲ. ಕೊತ್ತಂಬರಿ ಎಷ್ಟು ಅತ್ತೆ ಎಂದರೆ ಒಂದು ಹಿಡಿ, ಮೆಂತ್ಯ ಎಷ್ಟು ಎಂದರೆ ಚೂರು, ಯಾರ ಹಿಡಿ ಎಂದರೆ ನನ್ನ ಹಿಡಿ. ನೋಡ್ತಾ ನೋಡ್ತಾ ಬರುತ್ತೆ ಎನ್ನುವಳು. ಅಮ್ಮನಿಗೆ ನೋಡ್ತಾ ನೋಡ್ತಾ ಬರಲಿಲ್ಲ. ನೆಂಟರು ಎಲೆ ಮುಂದೆ ಕೂತಾಗ ಅಜ್ಜಿ ನಗುತ್ತಲೇ, ನಮ್ಮ ಸೊಸೆ ಕೈಗೆ ರುಚಿ ಇಲ್ಲ ಎನ್ನುತ್ತಿದ್ದಳು, ಅಮ್ಮ ಬಡಿಸುತ್ತ ತಾನೂ ನಗುತ್ತಿದ್ದಳು, ನಗುತ್ತ ನಗುತ್ತ ಅದನ್ನು ನಂಬಿಯೂಬಿಟ್ಟಳು. ಮೌಳಿ ಸಾರ್ ಕೂಡ ನೋಡ್ತಾ ಇರಮ್ಮ, ಬರುತ್ತೆ ಎಂದೇ ಹೇಳಿದ್ದರು. ಅವರ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು, ಪರದೆಯಲ್ಲಿ ಕಿಟಕಿಗಳು ತೆರೆದು ಮುಚ್ಚುತ್ತಿದ್ದವು, ಅವಳು ತನ್ನದೇ ಕಂಪ್ಯೂಟರಿನ ಮುಂದೆ ತೊಡೆಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸುತ್ತ ಕೂತಿರುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ, ಇದು ಯಾಕೆ ಸಾರ್ ಎಂದು ಕೇಳಿದ್ದಳು. ಯಾಕೆ ಅನ್ನೋದೆಲ್ಲ ಆಮೇಲೆ ಕಣಮ್ಮ, ಮೊದಲು ಹೇಗೆ ಅನ್ನೋದು ನೋಡು ಎಂದಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ಅವಳೂ ನಕ್ಕಿದ್ದಳು, ಅಮ್ಮನ ಮಗಳೇ ತಾನೇ. ಇದೇ ಮೌಳಿ ಸಾರ್ ಅವಳಪ್ಪ ಹೋದಾಗ ಮಣ್ಣಿಗೆ ಬಂದವರು, ಬಂದು ಹೋಗುವ ಬದಲು ಮೂರನೆಯ ದಿನದವರೆಗೂ ಶಾಮಿಯಾನದವರ ಜೊತೆ, ಅಡುಗೆಯವರ ಜೊತೆ ಓಡಾಡಿದವರು. ಅದನ್ನು ಮರೆಯುವಷ್ಟು ಕೆಟ್ಟವಳು ಅವಳಲ್ಲ. ಉಪ್ಪಿಟ್ಟು ಚೆನ್ನಾಗಿದೆ ಎಂದಳು. ನೀಲಮ್ಮ ನಂಬಲಿಲ್ಲ.

ಚಾಮರಾಜಪುರಂನಿಂದ ಸ್ಕೂಟರಿನಲ್ಲಿ ಹೊರಟರೆ ಹೆಬ್ಬಾಳಕ್ಕೆ ನೇರ ದಾರಿಗಳಿವೆ, ಆದರೆ ಈಚೆಗೆ ಅವಳು ಗೋಕುಲಂ ಒಳಗಿನಿಂದ ಸುತ್ತಿಕೊಂಡು ಹೋಗುತ್ತಾಳೆ. ಯೋಗ ಕಲಿಯಲು ಬಂದ, ಚಾಪೆ ಸುರುಳಿ ಬೆನ್ನಿಗೆ ಹಾಕಿಕೊಂಡ ವಿದೇಶಿಯರು ಎಳನೀರಿನ ಗಾಡಿಯ ಸುತ್ತ ನಿಂತಿರುತ್ತಾರೆ. ಅಂಥ ಒಂದು ಗಾಡಿಯ ಬಳಿ ಅವಳಿಗೆ ಅನುಪಮಾ ಸಿಕ್ಕಿದ್ದಳು. ಹಿಂದೊಮ್ಮೆ ಅನುಪಮಾ ಇದೇ ಆಫೀಸಿಗೆ ಸೇರಿದಾಗ ಮೌಳಿ ಸಾರ್ ಮನೆಯವರ ಜೊತೆ ಕಾಶಿಗೆ ಹೋಗಿದ್ದರು, ಬಂದ ಮೇಲೆ ಜ್ವರ ಹಿಡಿದು ತಿಂಗಳುಗಟ್ಟಲೆ ಮಲಗಿದರು. ಮೆಷೀನ್ ಕೂರಲಿಲ್ಲ. ಅವರು ಬರಲಿ, ಬರಲಿ ಎಂದು ಎಲ್ಲರೂ ಹೇಳಿದರು, ಕೈ ಹಾಕಲು ಯಾರಿಗೂ ಧೈರ್ಯವಿರಲಿಲ್ಲ, ಧೈರ್ಯವಿದ್ದರೂ ಯಾರಿಗೂ ಗೊತ್ತಿರಲಿಲ್ಲ. ಶಿಲ್ಪಶ್ರೀಗೂ ಗೊತ್ತಿರಲಿಲ್ಲ, ಅವಳೂ ನೋಡ್ತಾ ನೋಡ್ತಾ ಕೂತವಳೇ. ಅನುಪಮಾ ಖಾಲಿ ಕಂಪ್ಯೂಟರಿನ ಮುಂದೆ ಕೂತು ಹಳೆಯ ಕಾಗದಪತ್ರ ಓದುತ್ತ ದಿನ ದೂಡಿದಳು. ಪ್ರೊಬೇಷನ್ ಮುಗಿದಾಗ, ಇಷ್ಟು ಕಾಲದಲ್ಲಿ ಒಂದು ಬಿಲ್ಡ್ ಕೂಡ ಮಾಡಲಾಗಿಲ್ಲ ಎಂದು ಹೇಳಿ ಅವಳನ್ನು ಕಳಿಸಿಬಿಟ್ಟರು. ಹೋಗುವ ದಿನ ಅವಳು ಬ್ಯಾಗಿನಿಂದ ಸಿಹಿಯ ಡಬ್ಬಿ ತೆಗೆದು, ಇವತ್ತಾದ್ರೂ ಆಗುತ್ತೇನೋ ಅಂತ ತಂದಿದ್ದೆ, ಸುಮ್ನೆ ಕೆಟ್ಟೋಗುತ್ತೆ, ತಗೊಳ್ಳಿ ಎಂದು ಎಲ್ಲರ ಮುಂದೆ ಹಿಡಿದಳು. ಎಲ್ಲರೂ ತಗೊಂಡರು. ಶಿಲ್ಪಶ್ರೀಯೂ ತಗೊಂಡು ತಿಂದಳು, ತುಪ್ಪ ಚೆನ್ನಾಗಿತ್ತು ಎಂಬುದು ಕೂಡ ನೆನಪಿದೆ, ಆ ನೆನಪಿಗೆ ನಾಚಿಕೆಯಾಗುತ್ತದೆ. ಈಗ ಅನುಪಮಾ ಒಂದು ಯೋಗಶಾಲೆಯ ರಿಸೆಪ್ಷನ್ನಿನಲ್ಲಿ ಕೂತು ವಿದೇಶಿಯರಿಗೆ ರೂಮು ಗೊತ್ತು ಮಾಡಿಕೊಡುತ್ತಾಳೆ. ಎಳನೀರು ಕುಡಿಯುತ್ತ ನಗುನಗುತ್ತಲೇ ಹೇಳಿದಳು: "ಅದಕ್ಕೆಲ್ಲ ನಂಗೆ ತಲೆ ಇರ್ಲಿಲ್ಲ ಬುಡು. ಒಂದ್ ಬಿಲ್ಡ್ ಮಾಡಕ್ಕಾಗ್ಲಿಲ್ಲ ನೋಡು." ಅವಳೂ ನಂಬಿಬಿಟ್ಟಿದ್ದಳು. ಶಿಲ್ಪಶ್ರೀ ಸ್ಟೋರಿಗೆ ಹೋಗಿ ಆ ಹಳೆಯ ಕಂಪ್ಯೂಟರ್ ಕೇಳಿದ್ದು ಅದರ ಮರುದಿನ.

ಶಿಫ್ಟು ಬಿಟ್ಟವರ ಬಸ್ಸುಗಳು ಹೆಬ್ಬಾಳದ ರಸ್ತೆ ತುಂಬಿದ್ದವು. ಆಫೀಸಿನಲ್ಲಿ ಅವಳು ಚಹಾದ ಕೋಣೆಗೆ ಕಾಲಿಟ್ಟೊಡನೆ ಮಾತು ನಿಂತಿತು. ನಿಲ್ಲಿಸಿದವರಿಗೂ ಅದು ತಿಳಿದು, ಮತ್ತೆ ಯಾವುದೋ ಕ್ರಿಕೆಟ್ಟಿನ ಮಾತು ಎತ್ತಿಕೊಂಡರು. ಗೋವಿಂದರಾಜು ಒಬ್ಬ ಮಾತ್ರ ಲೋಟ ತೊಳೆಯುತ್ತ, "ಏನ್ ಮೇಡಂ, ಮೌಳಿ ಸಾರ್‌ಗೆ ಮುಂಚೇನೇ ರಿಟೈರ್‌ಮೆಂಟ್ ಕೊಡಿಸ್ಬುಟ್ರಂತೆ" ಎಂದ. ಅವನು ಅವಳ ಜೊತೆಗೇ ಸೇರಿದವನು, ಅವಳ ಹಾಗೇ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದವನು. ನಿನ್ನ ಕಂಪ್ಯೂಟರ್ ನಾಳೆ ಕೈಕೊಟ್ಟರೆ ಏನು ಮಾಡ್ತೀಯ ಎಂದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ. ಲಾಸ್ಯ ಅವಳ ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ, ಮೇಡಂ, ನಾನೇನಾದ್ರೂ ತಪ್ಪು ಮಾಡಿದ್ನಾ, ನನ್ನ ಮೆಷೀನನ್ನ ಮತ್ತೆ ಮೊದಲಿಂದ ಮೌಳಿ ಸಾರ್ ಕೈಲೇ ಮಾಡಿಸ್ಕೊಳ್ಳಿ ಅಂತ ವಿಜಯ್‌ಕುಮಾರ್ ಸಾರ್ ಹೇಳಿದಾರೆ ಎಂದಳು. ಆಗಿರುವುದನ್ನು ಅಳಿಸಬೇಕಂತೆ. ಆಗಿರುವುದನ್ನು ಅಳಿಸಿ, ಆ ಹುಡುಗಿ ಪಕ್ಕದಲ್ಲಿ ಕೂತು, ತಲೆಯಾಡಿಸಿ, ಕೊನೆಗೊಂದು ದಿನ ಸಿಹಿ ತರಬೇಕು. ಶಿಲ್ಪಶ್ರೀಗೆ ಬೆಳಿಗ್ಗೆಯಿಂದ ಬಾಯಲ್ಲೇ ಸುತ್ತುತ್ತಿದ್ದ ವಾದಗಳೆಲ್ಲ ಇದ್ದಕ್ಕಿದ್ದಂತೆ ಬೇಡವಾದವು. ಏನೂ ಅಳಿಸಬೇಡಿ, ನಿಮ್ಮ ಕೆಲಸ ಶುರು ಮಾಡಿ ಎಂದಳು. ಹಾಗೆ ಹೇಳುವ ಅಧಿಕಾರ ತನಗಿಲ್ಲ ಎಂಬುದು ಹೇಳಿದ ಮೇಲೆ ನೆನಪಾಯಿತು.

ಮಧ್ಯಾಹ್ನ ಊಟವಾದ ಮೇಲೆ ವಿಜಯ್‌ಕುಮಾರ್ ಕರೆದರು. ಇವತ್ತು ಕೂತುಕೊಳ್ಳಿ ಎಂದರು, ಹೊಸದೇನೋ ಹೊಳೆದಿರಬೇಕು ಎಂದು ಅವಳಿಗೆ ಆಗಲೇ ಗೊತ್ತಾಯಿತು.

"ನೋಡಿ ಶಿಲ್ಪಶ್ರೀ, ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ತೆಗೆಯೋದು ಬೇಡ. ಬರೋ ತಿಂಗಳು ಕಸ್ಟಮರ್ ಕಡೆಯೋರು ಬರ್ತಾರೆ, ಬಿಲ್ಡ್ ಹೇಗೆ ಮಾಡ್ತೀರ ತೋರಿಸಿ ಅಂತಾರೆ. ನಿಮ್ಮ ಸ್ಕ್ರಿಪ್ಟ್ ತೋರಿಸ್ಬೋದು. ಒಳ್ಳೇದೇ ಅದು."

"ಹೌದು ಸಾರ್."

"ಒಂದೇ ಒಂದು. ಅದರ ಮೇಲೆ, ಇದನ್ನ ಮಾಡಿದ್ದು ಮೌಳಿ ಸಾರ್ ಅಂತ ಹಾಕ್ಬುಡಿ. ಎಷ್ಟಂದ್ರೂ ಅವರದೇ ವಿದ್ಯೆ ಅಲ್ವಾ. ಅವರಿಗೂ ಸಮಾಧಾನ, ನಿಮಗೂ ಲೀಡ್ ಪೋಸ್ಟು. ಲಾಸ್ಯ ಮೆಷೀನನ್ನ ಅವರು ಒಂದ್ಸಲ ಶಾಸ್ತ್ರಕ್ಕೆ ಕೂರಿಸ್ಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ."

ಅವರು ಕೆಟ್ಟವರಲ್ಲ. ಎಲ್ಲರ ಮನಸ್ಸೂ ನೋಯಬಾರದು ಎನ್ನುವ ಮನುಷ್ಯ, ಅದಕ್ಕಾಗಿ ಯಾರಾದರೂ ಒಬ್ಬರ ಬಾಯಿ ಮುಚ್ಚಿಸಬೇಕಾದರೆ ಬೇಗ ಬಗ್ಗುವವರನ್ನು ಹುಡುಕುತ್ತಾರೆ. ಈ ಆಫೀಸಿನಲ್ಲಿ ಅವಳೇ ಬೇಗ ಬಗ್ಗುವವಳು ಎಂದು ಇಷ್ಟು ವರ್ಷದಲ್ಲಿ ಎಲ್ಲರಿಗೂ ತೋರಿಸಿಕೊಟ್ಟವಳೂ ಅವಳೇ. ಕಂಪ್ಯೂಟರಿನ ಒಳಗೆ ಆಗಲೇ ಮೌಳಿ ಸಾರ್ ಹೆಸರಿದೆ, ಇನ್ನು ಸ್ಕ್ರಿಪ್ಟಿನ ನೆತ್ತಿಯ ಮೇಲೂ ಬೇಕೆ ಎಂದುಕೊಂಡಳು.

"ಹಾಕಲ್ಲ ಸಾರ್. ಅವರು ಮಾಡಿಲ್ಲ. ನಾನು ಮಾಡಿದ್ದು."

"ಹಠ ಯಾಕೆ."

"ಲಾಸ್ಯ ಮೆಷೀನೂ ಅಳಿಸೋದು ಬೇಡ. ಅಳಿಸ್ಬೇಡಿ ಅಂತ ನಾನೇ ಹೇಳಿದೀನಿ."

ವಿಜಯ್‌ಕುಮಾರ್ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಹಂಗಾದ್ರೆ ಲೀಡ್ ವಿಷಯ ನಾನು ಗೋವಿಂದರಾಜು ಹತ್ರ ಮಾತಾಡ್ಬೇಕಾಗುತ್ತೆ."

"ಮಾತಾಡಿ ಸಾರ್."

"ಸ್ಕ್ರಿಪ್ಟೂ ನಾನೇ ತೆಗೆಸ್ತೀನಿ ಅಂತಿಟ್ಕೊಳ್ಳಿ."

"ತೆಗೆಸಿ. ನಾಳೆ ಬೆಳಿಗ್ಗೆ ಬಂದು ಮತ್ತೆ ಇಡ್ತೀನಿ. ನಾಡಿದ್ದು ತೆಗೆಸಿದ್ರೆ ನಾಡಿದ್ದೂ ಇಡ್ತೀನಿ."

ಹೇಳಿಯಾದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇದು ಬಚ್ಚಲಿನಲ್ಲಿ ಹೊಳೆದ ಮಾತಲ್ಲ, ಇಲ್ಲೇ, ಈ ಕುರ್ಚಿಯಲ್ಲಿ ಕೂತಾಗಲೇ ಹೊಳೆದದ್ದು. ಅವರ ಉತ್ತರಕ್ಕೆ ಕಾಯದೆ ಎದ್ದು ಬಂದಳು. ಲೀಡ್ ಪೋಸ್ಟು ಹೋಯಿತು ಎಂಬುದು ಮೆಟ್ಟಿಲಿಳಿಯುವಾಗ ಮನಸ್ಸಿಗೆ ತಟ್ಟಿತು, ಚೆನ್ನಾಗಿಯೇ ತಟ್ಟಿತು, ಅದನ್ನು ಅವಳು ಆಸೆಪಟ್ಟಿದ್ದಳು, ಅಮ್ಮನಿಗೆ ಹೇಳಿಯೂ ಇಟ್ಟಿದ್ದಳು. ಬೇಕಿರಲಿಲ್ಲ ಎಂದು ಸುಳ್ಳು ಹೇಳಿಕೊಳ್ಳಲು ಇಷ್ಟವಾಗಲಿಲ್ಲ.

ಕೆಳಗೆ ಲ್ಯಾಬಿನಲ್ಲಿ ಆ ಹಳೆಯ ಕಂಪ್ಯೂಟರಿನ ಮುಂದೆ ಮೌಳಿ ಸಾರ್ ಕೂತಿದ್ದರು. ಪರದೆಯ ಮೇಲೆ ಅವಳ ಸ್ಕ್ರಿಪ್ಟ್ ತೆರೆದಿತ್ತು. ಸೋಮವಾರದಿಂದ ಅವರು ಅವಳ ಮುಖ ನೋಡಿರಲಿಲ್ಲ, ಈಗಲೂ ನೋಡದೆ, ಬಾಮ್ಮ ಇಲ್ಲಿ ಎಂದರು. ಸಾಲುಸಾಲಾಗಿ ಓದುತ್ತ ಬಂದಿದ್ದಾರೆ ಎಂಬುದು ಅವರ ಬೆರಳು ಪರದೆಗೆ ಒತ್ತಿ ನಿಂತಿದ್ದ ಜಾಗದಿಂದ ಗೊತ್ತಾಗುತ್ತಿತ್ತು.

"ಎಲ್ಲಾ ಸರಿಯಾಗಿ ಬರ್ದಿದೀಯ. ಇಲ್ಲಿ ಯಾಕೆ, ಹತ್ತು ನಿಮಿಷ ಸುಮ್ನಿರು ಅಂತ ಹಾಕಿದೀಯ?"

"ನೀವು ಹಂಗೇ ಮಾಡ್ತಿದ್ರಲ್ಲ ಸಾರ್. ಕಂಪೈಲರ್ ಹಾಕಿದ್ಮೇಲೆ ಎದ್ದು ಹೋಗ್ತಿದ್ರಿ. ಯಾರೂ ಮುಟ್ಬೇಡಿ, ಸ್ವಲ್ಪ ಹೊತ್ತು ಹಂಗೇ ಇರ್ಲಿ ಅಂತಿದ್ರಿ. ಅಲ್ಲಿ ಬಿಡ್ದೇ ಇದ್ರೆ ಕೂರಲ್ಲ ಅಂತ ಎಲ್ಲರೂ..." ಅವಳು ಅರ್ಧಕ್ಕೆ ನಿಲ್ಲಿಸಿದಳು. ಮಿಕ್ಕ ಪ್ರತಿ ಹೆಜ್ಜೆಯನ್ನೂ ತೆಗೆದು, ಹಾಕಿ, ಪರೀಕ್ಷಿಸಿ ನೋಡಿದ್ದವಳು ಈ ಒಂದನ್ನು ಮುಟ್ಟಿಯೇ ಇರಲಿಲ್ಲ.

"ನಾನು ಕಾಫಿಗೆ ಹೋಗ್ತಿದ್ದೆ ಕಣಮ್ಮ."

ಅವರು ಮೊದಲು ಗಂಭೀರವಾಗಿಯೇ ಹೇಳಿದರು. ಆಮೇಲೆ ಭುಜ ಅಲುಗಿತು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು ಬಂತು. ಅವಳಿಗೂ ಬಂತು. ಲಿಫ್ಟಿನ ಬೋರ್ಡುಗಳ ನಡುವೆ, ವೈರುಗಳ ನಡುವೆ, ಇಬ್ಬರೂ ತಡೆಯಲಾರದೆ ನಕ್ಕರು. ಎಷ್ಟೋ ವರ್ಷಗಳಿಂದ ಒಂದು ಆಫೀಸು ಪೂರ್ತಿ ಒಬ್ಬರ ಕಾಫಿ ಮುಗಿಯಲಿ ಎಂದು ಕೈಕಟ್ಟಿ ಕಾದಿತ್ತು. ನಗು ಇಳಿಯುತ್ತಿರುವಾಗ ಮೌಳಿ ಸಾರ್ ಕನ್ನಡಕ ಹಾಕಿಕೊಂಡು ಮೊದಲ ಸಲ ಅವಳನ್ನು ನೋಡಿದರು.

"ಬರೋ ಯುಗಾದಿ ಹೊತ್ಗೆ ನಂದು ಸರ್ವೀಸ್ ಮುಗಿಯುತ್ತೆ. ಅಲ್ಲೀತನಕ ಇದನ್ನ ಎತ್ತಿಡು. ನಾನು ಹೋದ್ಮೇಲೆ ಹಾಕ್ಕೋ, ಯಾರ್ ಬೇಡ ಅಂತಾರೆ. ವಿಜಯ್‌ಕುಮಾರ್ ಹೇಳೋ ಹಂಗೆ ನನ್ ಹೆಸ್ರು ಗಿಸ್ರು ಹಾಕೋದೇನೂ ಬೇಡ. ದಿನಾ ಬೆಳಿಗ್ಗೆ ಇಲ್ಲಿಗೆ ಬರ್ತೀನಲ್ಲಮ್ಮ. ಬಂದು ಏನ್ಮಾಡ್ಲಿ?"

ಇದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಅವರು ಕೂಗಾಡಿದ್ದರೆ, ನಾನು ಕಲಿಸಿದ್ದಕ್ಕೆ ಇದಾ ಎಂದಿದ್ದರೆ, ಉತ್ತರ ಇತ್ತು. ಅಪ್ಪ ಹೋದ ದಿನ ಶಾಮಿಯಾನದ ಕಂಬದ ಪಕ್ಕದಲ್ಲಿ ನಿಂತು ಅವಳಮ್ಮನನ್ನು ಒಂದು ಲೋಟ ಹಾಲು ಕುಡಿಯಲು ಒಪ್ಪಿಸುತ್ತಿದ್ದ ಇದೇ ಮುಖ ಕಂಡಿತು. ಆಗಲಿ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಂದು ವರ್ಷ ತಾನೇ. ಅವಳಿಗೆ ಆ ಮನುಷ್ಯನ ಮೇಲೆ ಪ್ರೀತಿಯಿತ್ತು, ಅದನ್ನು ಅಡಗಿಸಿಕೊಳ್ಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ, ಮತ್ತು ಅದೇ ಪ್ರೀತಿ ತನ್ನನ್ನು ಇನ್ನೊಂದು ಸಲ ತೊಡೆಯ ಮೇಲೆ ಕೈಯಿಟ್ಟು ಕೂರಿಸಲು ನೋಡುತ್ತಿದೆ ಎಂಬುದೂ ಕಂಡಿತು.

"ಇಲ್ಲ ಸಾರ್. ಎತ್ತಿಡಲ್ಲ."

"ಒಂದ್ ವರ್ಷ ಕಣಮ್ಮ."

"ಒಂದು ವರ್ಷದಲ್ಲಿ ಇನ್ನೂ ಎಷ್ಟೋ ಜನ ಬರ್ತಾರೆ ಸಾರ್. ಅವರು ನಿಮ್ಮ ಹತ್ರ ಬರಲಿ. ಗೊತ್ತಿಲ್ದೇ ಇರೋದನ್ನ ಕೇಳೋಕೆ ಬರಲಿ, ದಿನಾ ಬರಲಿ. ಬಾಗ್ಲು ತೆಗೀರಿ ಅಂತ ಕಾಯ್ಕೊಂಡು ಕೂರೋದು ಬೇಡ."

ಮೌಳಿ ಸಾರ್ ಪರದೆಯ ಕಡೆ ತಿರುಗಿದರು. "ಅನುಪಮಾ ವಿಷಯ ಮನಸ್ನಲ್ಲಿಟ್ಕೊಂಡಿದೀಯ."

"ಹೂಂ ಸಾರ್."

"ನಾನು ಬೇಕೂಂತ ಮಾಡ್ಲಿಲ್ಲಮ್ಮ. ಹುಷಾರಿರ್ಲಿಲ್ಲ ನಂಗೆ."

"ಗೊತ್ತು ಸಾರ್. ಯಾರೂ ಬೇಕೂಂತ ಮಾಡ್ಲಿಲ್ಲ. ಅದಕ್ಕೇ ಎತ್ತಿಡಲ್ಲ."

ಅವರು ಏಳುತ್ತಾರೆ, ಎದ್ದು ಹೋಗುತ್ತಾರೆ, ಇನ್ನು ಮುಂದೆ ಎಂದೂ ಬಾಮ್ಮ ಎನ್ನುವುದಿಲ್ಲ ಎಂದುಕೊಂಡಳು. ಹೋದರೆ ಹೋಗಲಿ ಎಂದು ಅವಳಿಗೆ ಅನಿಸಲಿಲ್ಲ. ಹೋಗದಿರಲಿ ಎಂದೇ ಅನಿಸಿತು. ಆದರೂ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು ಕೀಬೋರ್ಡನ್ನು ತನ್ನ ಕಡೆಗೆ ಸರಿಸಿಕೊಂಡಳು. ಹತ್ತು ನಿಮಿಷದ ಆ ಸಾಲನ್ನು ಅವರ ಎದುರಿಗೇ ಅಳಿಸಿದಳು. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಒರೆಸಿ ಮೊದಲಿನಿಂದ ನಡೆಸಿದಳು. ಅಕ್ಷರಗಳು ಪರದೆಯ ಮೇಲೆ ಏರತೊಡಗಿದವು. ಕಂಪೈಲರ್ ಕೂತಿತು, ಎಲ್ಲೂ ನಿಲ್ಲದೆ ಲೈಬ್ರರಿಗಳು ಬಂದವು, ಡ್ರೈವರ್ ಬಂತು. ಮೌಳಿ ಸಾರ್ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಬಿಲ್ಡ್ ಆಯಿತು ಎಂದು ಬರುವವರೆಗೂ, ಕಾಫಿಗೆ ಏಳದೆ ನೋಡುತ್ತ ಕೂತಿದ್ದರು.